ಇತರ ಕಾರಣ

ಬಸವಲಿಂಗಮ್ಮನ ಮಗಳು ವೀರಮ್ಮ ರಾಂಪುರದಲ್ಲಿ ತೀರಿಕೊಂಡ ಸುದ್ದಿ ಚಳ್ಳಕೆರೆ ಮುಟ್ಟುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ವಾರವಾಗಿತ್ತು. ಅದು ಸಾವಿರದ ಒಂಬೈನೂರ ಎರಡನೇ ಇಸವಿ. ಸುದ್ದಿ ತಂದವನು ಹತ್ತಿ ಗಾಡಿಗಳ ಜೊತೆ ಬಂದ ಒಬ್ಬ ಆಳು. ಪ್ಲೇಗಿನ ಊರಿನ ಕಡೆಯಿಂದ ಬಂದವನೆಂದು ಅವನನ್ನು ಊರೊಳಗೆ ಬಿಟ್ಟಿರಲಿಲ್ಲ. ಬಸವಲಿಂಗಮ್ಮನನ್ನೇ ಊರಾಚೆಯ ಕಟ್ಟೆಯವರೆಗೆ ಕರೆಸಿ, ದೂರದಲ್ಲಿ ನಿಂತು ಹೇಳಿದ.

"ಪಿಳೇಗು ಕಣ್ರವ್ವ. ಮೊದ್ಲು ಮಾವ ಹೋದ್ರು. ಹಿಂದೇನೇ ನಿಮ್ಮ ಮಗಳೂ ಹೋದ್ಲು. ಈ ಕಡೆಯಿಂದ ಯಾರೂ ಬರಬ್ಯಾಡ್ರಿ ಅಂತ ಹೇಳಿ ಕಳಿಸ್ಯವ್ರೆ."

"ಹೊಟ್ಟೇಲಿದ್ದ ಕೂಸು?"

"ಅದೆಲ್ಲ ನಂಗೊತ್ತಿಲ್ರವ್ವ" ಎಂದು ಅವನು ಗಾಡಿಯ ಕಡೆ ತಿರುಗಿದ.

ವೀರಮ್ಮ ಆಗ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಬಸವಲಿಂಗಮ್ಮ ಏಳನೇ ತಿಂಗಳಲ್ಲೇ ಗಾಡಿ ಕಳಿಸಿದ್ದಳು. ಗಾಡಿ ಖಾಲಿ ವಾಪಸು ಬಂತು. ಹತ್ತಿ ಬಿಡಿಸುವ ಕಾಲ, ಮನೆಯಲ್ಲಿ ಕೈ ಸಾಲದು, ಮುಂದಿನ ತಿಂಗಳು ನಾವೇ ಕಳಿಸುತ್ತೇವೆ ಎಂದು ವೀರಮ್ಮನ ಅತ್ತೆ ಪಂಪಕ್ಕ ಹೇಳಿ ಕಳಿಸಿದ್ದಳು. ಆ ಮುಂದಿನ ತಿಂಗಳಲ್ಲಿ ರಾಂಪುರದ ಮನೆಗಳಲ್ಲಿ ಇಲಿ ಬೀಳತೊಡಗಿದವು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡ್ಲು ಹಾಕಿಕೊಂಡರು. ದಾರಿಯಲ್ಲಿ ಪಹರೆ ಕೂತಿತು. ಸರಕಿನ ಗಾಡಿ ಬಿಟ್ಟರೆ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಯಾರೂ ಹೋಗುವಂತಿರಲಿಲ್ಲ.

ಬಸವಲಿಂಗಮ್ಮ ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು. ತಮ್ಮ ಜಂಬುಲಿಂಗಪ್ಪ ಪಕ್ಕದ ಮನೆಯಲ್ಲೇ ಇದ್ದು ತುಪ್ಪದ ವ್ಯಾಪಾರ ಮಾಡುತ್ತಿದ್ದ. ರೋಗ ಇಳಿದು ದಾರಿ ಬಿಟ್ಟ ಮೇಲೆ ರಾಂಪುರಕ್ಕೆ ಹೋಗಿಬರುತ್ತೇನೆಂದು ಅವಳು ಹೊರಟಾಗ ಅವನು ತಡೆದ. "ಅವರು ಒಂದು ಮಾತು ಕೇಳೋಕೆ ಇಲ್ಲೀಗೆ ಬರ್ಲಿಲ್ಲ. ನಾವ್ಯಾಕೆ ಹೋಗಬೇಕಕ್ಕ?" ಎಂದ. ಮರುವರ್ಷ ಅಳಿಯ ಮುರುಗೇಂದ್ರಪ್ಪ ಮತ್ತೊಂದು ಮದುವೆಯಾದನೆಂದು ಸಂತೆಗೆ ಬಂದವರು ಹೇಳಿದರು. ಅಲ್ಲಿಗೆ ಆ ನೆಂಟಸ್ತನ ಮುಗಿಯಿತು.

ಆದರೆ ಬಸವಲಿಂಗಮ್ಮನಿಗೆ ಮುಗಿಯಲಿಲ್ಲ. ಪ್ಲೇಗಿನ ಕಾಲದ ಕಥೆಗಳನ್ನು ಅವಳು ಎಲ್ಲರ ಬಾಯಲ್ಲೂ ಕೇಳಿದ್ದಳು. ಗಡ್ಡೆ ಎದ್ದವರನ್ನು ಬೇರೆ ಗುಡ್ಲಿನಲ್ಲಿ ಮಲಗಿಸಿ, ಒಂದು ಗಡಿಗೆ ನೀರಿಟ್ಟು, ಮನೆಯವರೇ ದೂರ ಹೋಗಿಬಿಡುತ್ತಿದ್ದರಂತೆ. ರೊಟ್ಟಿ ತಟ್ಟುವಾಗ, ಹೂ ಬಿಡಿಸುವಾಗ, ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿದಾಗ ಆ ಗಡಿಗೆ ಅವಳ ಕಣ್ಣ ಮುಂದೆ ಬರುತ್ತಿತ್ತು. ಮಗಳ ಕೈ ಅದಕ್ಕೆ ಎಟಕುತ್ತಿತ್ತೋ ಇಲ್ಲವೋ. ಯಾವುದರಿಂದ ಸತ್ತಳು ಎಂದು ಅವಳು ಕೇಳಬೇಕಾಗಿರಲಿಲ್ಲ, ಅದನ್ನು ಹೇಳಿಬಿಟ್ಟಿದ್ದರು. ಕೊನೆಗೆ ಹತ್ತಿರ ಯಾರಿದ್ದರು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮೂರು ವರ್ಷದ ಮೇಲೆ ಚಳ್ಳಕೆರೆಗೆ ಮಲ್ಲಿಕಾರ್ಜುನಪ್ಪನೆಂಬ ಹೊಸ ಇನ್‌ಸ್ಪೆಕ್ಟರ್ ಬಂದ. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಮೈಲಿ ಹಾಕಿಸುವುದು, ಊರೂರಿನ ಜನನ ಮರಣದ ಲೆಕ್ಕ ತಪಾಸಣೆ ಮಾಡುವುದು ಅವನ ಕೆಲಸ. ಮೂವತ್ತು ತುಂಬಿರದ, ತಿಪಟೂರು ಕಡೆಯ ಹುಡುಗ. ಸ್ವಜಾತಿಯವನೆಂದು ಜಂಬುಲಿಂಗಪ್ಪ ಅವನಿಗೆ ಅಕ್ಕನ ಮನೆಯ ಮುಂದಿನ ಕೋಣೆ ಕೊಡಿಸಿದ. ಊಟ ಬಸವಲಿಂಗಮ್ಮನ ಕೈಯದು. ದಿನವೆಲ್ಲ ಹುಲ್ಲುಗಾವಲಿನ ದಾರಿ ತುಳಿದು ಬಂದು, ಜಗಲಿಯಲ್ಲಿ ಕೂತು, ಕಾಲಿಗೆ ಚುಚ್ಚಿದ ನೆಗ್ಗಿಲು ಮುಳ್ಳುಗಳನ್ನು ಬೈಯುತ್ತ ಕೀಳುತ್ತಿದ್ದ. ಗಬಗಬನೆ ಉಣ್ಣುತ್ತಿದ್ದ, ಉಣ್ಣುತ್ತಲೇ ಮಾತಾಡುತ್ತಿದ್ದ.

ಒಂದು ಮಧ್ಯಾಹ್ನ ಉಣ್ಣುವಾಗ ಹೇಳಿದ: "ದುರ್ಗದ ದೊಡ್ಡ ಸಾಹೇಬರು ನನ್ನನ್ನ ಒಳ್ಳೆ ಪೇಚಿಗೆ ಸಿಕ್ಕಿಸಿದಾರಮ್ಮ. ಹಳ್ಳೀಲಿ ಯಾರಾದರೂ ಸತ್ತರೆ ತಳವಾರ ಹೋಗಿ ಶಾನುಭೋಗರಿಗೆ ಹೇಳ್ತಾನೆ. ಏನಾಗಿತ್ತೋ ಅಂತ ಅವರು ಕೇಳ್ತಾರೆ. ಜ್ವರ ಅಂತಾನೆ. ಅವರು ಜ್ವರ ಅಂತ ಬರೀತಾರೆ. ಅದೇ ತಾಲ್ಲೂಕಿಗೆ ಹೋಗುತ್ತೆ, ದುರ್ಗಕ್ಕೆ ಹೋಗುತ್ತೆ, ಬೆಂಗಳೂರಿಗೆ ಹೋಗಿ ಅಚ್ಚಾಗಿ ಪುಸ್ತಕ ಆಗುತ್ತೆ. ಆ ಪುಸ್ತಕ ನೋಡಿದರೆ ಈ ಸೀಮೆ ಜನ ಜ್ವರ ಬಿಟ್ಟು ಬೇರೇದರಿಂದ ಸಾಯೋದೇ ಇಲ್ಲ. ಆ ಜ್ವರಗಳೆಲ್ಲ ನಿಜವಾಗಿ ಏನು ಅಂತ ಮನೆಮನೆಗೆ ಹೋಗಿ ತಿಳ್ಕೊಂಡು ಬಾ ಅಂತ ನನಗೆ ಹುಕುಂ ಆಗಿದೆ."

"ಕೇಳಿದ್ರೆ ಹೇಳ್ತಾರಲ್ಲ?"

"ಯಾರು ಹೇಳ್ತಾರೆ? ಜಗಲಿ ಮೇಲೆ ಗಂಡಸರು ಕೂತಿರ್ತಾರೆ. ಜ್ವರ ಬಂತು, ಹೋದ್ಲು ಅಂತಾರೆ. ಚಳಿ ಇತ್ತಾ, ಕೆಮ್ಮಿತ್ತಾ, ಎಷ್ಟು ದಿನ ಮಲಗಿದ್ಲು ಅಂದರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಪಕ್ಕದಲ್ಲಿ ಕೂತು ನೋಡ್ಕೊಂಡವರು ಒಳಗಿರ್ತಾರೆ, ಅವರು ನನ್ನ ಮುಂದೆ ಬರೋ ಹಾಗಿಲ್ಲ." ತುತ್ತು ನುಂಗಿ ಅವನು ತಲೆ ಎತ್ತಿದ. "ನೀವು ಒಂದು ಸಲ ನನ್ನ ಜೊತೆ ಬರ್ತೀರಾ? ಒಳಗೆ ಹೋಗಿ ಕೂತ್ಕೊಳ್ಳೋಕೆ ಒಬ್ಬರು ಹಿರಿ ಹೆಂಗಸು ಬೇಕು."

ಬಸವಲಿಂಗಮ್ಮ ಮಜ್ಜಿಗೆ ಬಡಿಸಿದಳು. ಆದರೆ ಮರುದಿನ ಬೆಳಿಗ್ಗೆ ಗಾಡಿ ಹೊಡೆಯುವ ಚಿತ್ತಪ್ಪ ಎತ್ತು ಹೂಡುವ ಹೊತ್ತಿಗೆ ರೊಟ್ಟಿ ಗಂಟು ಹಿಡಿದು ಹೊರಗೆ ನಿಂತಿದ್ದಳು.

ಜಂಬುಲಿಂಗಪ್ಪ ಓಡಿ ಬಂದ. "ಸತ್ತೋರ ಮನೆಮನೆ ತಿರುಗೋದು ನಿನಗೆ ತರವೇನಕ್ಕ? ಜನ ಏನಂತಾರೆ?"

"ನಮ್ಮನೇನೂ ಸತ್ತೋರ ಮನೇನೇ ಐತಲ್ಲೋ" ಎಂದು ಅವಳು ಗಾಡಿ ಹತ್ತಿದಳು.

ಮೊದಲು ಹೋದದ್ದು ದೊಡ್ಡಉಳ್ಳಾರ್ತಿಗೆ. ಅಲ್ಲಿ ಚಿನ್ನಕ್ಕನೆಂಬವಳ ಸೊಸೆ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಲೆಕ್ಕದಲ್ಲಿ ಇದ್ದದ್ದು ಜ್ವರ. ಗಂಡಸರು ಹೊರಗೆ ಅದನ್ನೇ ಹೇಳುತ್ತಿದ್ದಾಗ ಬಸವಲಿಂಗಮ್ಮ ಒಳಗೆ ಹೋಗಿ, ಚಿನ್ನಕ್ಕ ಕೇರುತ್ತಿದ್ದ ನವಣೆಯ ಮೊರದ ಪಕ್ಕ ಕೂತಳು. ಸಾಯುವಾಗ ಏನಾಗಿತ್ತು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ತನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಎದ್ದು ಹೋಗುತ್ತಿದ್ದಳು.

"ಹುಡುಗಿ ಯಾವ ಊರಿನೋಳು?" ಎಂದು ಕೇಳಿದಳು.

"ಕುದಾಪುರದೋಳು. ಕುರಿ ಮರಿ ಅಂದ್ರೆ ಜೀವ ಬಿಡೋಳು" ಎಂದಳು ಚಿನ್ನಕ್ಕ. ಮೊರ ನಿಂತಿತು. ಆಮೇಲೆ ಅವಳೇ ಹೇಳುತ್ತ ಹೋದಳು. ಹೆರಿಗೆ ಸಲೀಸಾಗಿ ಆಗಿತ್ತು. ಮೂರನೇ ದಿನ ನಡುಕ ಬಂತು. ಮೈ ಕೆಂಡ, ಹೊಟ್ಟೆ ಮುಟ್ಟಿದರೆ ಚೀರುತ್ತಿದ್ದಳು, ಕೋಣೆಯಲ್ಲಿ ಕೂರಲಾಗದಷ್ಟು ವಾಸನೆ. ಕೊನೆಗೆ ಮಾತು ತಪ್ಪಿ, ಕುರಿ ಒಳಗೆ ಕೂಡಿದ್ರಾ, ಕೂಡಿದ್ರಾ ಎಂದು ಕೇಳುತ್ತಲೇ ಹೋದಳು. "ನಮ್ಮ ಯಜಮಾನ್ರಿಗೆ ಇದೆಲ್ಲ ಹೇಳೋ ಮಾತೇನ್ರವ್ವ. ಜ್ವರ ಅಂದ್ವಿ."

ಗಾಡಿಯಲ್ಲಿ ಇದನ್ನು ಕೇಳಿ ಮಲ್ಲಿಕಾರ್ಜುನಪ್ಪ ಪೆನ್ಸಿಲ್ ಹಿಡಿದು ಲೆಕ್ಕದ ಹಾಳೆ ಬಿಡಿಸಿದ. "ಇದು ಬಾಣಂತಿ ಸಾವು. ಆದರೆ ಬರೆಯೋಕೆ ಈ ಹಾಳೇಲಿ ಕಲಂ ಇಲ್ಲ. ಕಾಲರಾಕ್ಕೆ ಉಂಟು, ಸಿಡುಬಿಗೆ ಉಂಟು, ಪ್ಲೇಗು, ಜ್ವರ, ಭೇದಿ, ಗಾಯ, ಹಾವು ಕಚ್ಚಿದ್ದಕ್ಕೂ ಉಂಟು. ಹೆರಿಗೆಗೆ ಇಲ್ಲ. ಇದಕ್ಕೆ ಉಳಿದಿರೋದು ಇತರ ಕಾರಣ ಅಂತ ಒಂದೇ."

ಹಾಗೆ ಶುರುವಾದದ್ದು ಮಳೆಗಾಲ ಕಳೆಯುವವರೆಗೂ ನಡೆಯಿತು. ಒಂದೊಂದು ಮನೆಯ ಜ್ವರ ಒಂದೊಂದಾಗಿತ್ತು. ಒಬ್ಬನದು ಕ್ಷಯ, ಒಂದು ಮಗುವಿನದು ದಡಾರ, ಒಬ್ಬ ಮುದುಕಿಗೆ ಬರಿಯ ಮುಪ್ಪು. ಕೆಲವು ನಿಜವಾಗಿಯೂ ಜ್ವರವೇ. ಎಳೆಯ ಹೆಂಗಸರ ಸಾವು ಬಂದಾಗ ಮಾತ್ರ ಬಸವಲಿಂಗಮ್ಮ ಹೆಚ್ಚು ಹೊತ್ತು ಕೂರುತ್ತಿದ್ದಳು. ಪ್ರತಿ ಊರಲ್ಲೂ ಸೂಲಗಿತ್ತಿಯನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಿದ್ದಳು. ಎಲ್ಲ ಮನೆಗಳಲ್ಲೂ ಕೊನೆಯ ಹೊತ್ತಿನ ಮಾತು ಬರುತ್ತಿತ್ತು. ಒಬ್ಬಳು ಎಳನೀರು ಕೇಳಿದ್ದಳು. ಒಬ್ಬಳು ಗಂಡನ ಕೈ ಹಿಡಿದು ಬಿಡಲಿಲ್ಲ. ಅವಳು ಅದನ್ನೆಲ್ಲ ತದೇಕಚಿತ್ತದಿಂದ ಕೇಳುತ್ತಿದ್ದಳು. ಮಲ್ಲಿಕಾರ್ಜುನಪ್ಪನಿಗೆ ಬೇಕಾದದ್ದನ್ನು ಅವನಿಗೆ ಹೇಳುತ್ತಿದ್ದಳು. ಉಳಿದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಬನಶಂಕರಿ ಹುಣ್ಣಿಮೆ ಕಳೆದ ಮೇಲೆ ಮೊಳಕಾಲ್ಮೂರು ಕಡೆ ಹೊರಡಬೇಕೆಂದು ಅವನು ಹೇಳಿದ. ಹಾನಗಲ್ಲು ಮುಗಿಸಿಕೊಂಡು ರಾಂಪುರಕ್ಕೆ.

ತಳಕಿನಲ್ಲಿ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಂತಾಗ ಬಸವಲಿಂಗಮ್ಮ ಕೇಳಿದಳು. "ಸಾಹೇಬ್ರೆ, ಪಿಳೇಗು ಅಂತ ಬರೆದಿರೋದನ್ನ ವಿಚಾರಿಸೋದಿಲ್ವಾ?"

"ಹುಕುಂ ಇರೋದು ಜ್ವರದ್ದಕ್ಕೆ ಮಾತ್ರ. ಯಾಕಮ್ಮ?"

"ರಾಂಪುರದಾಗೆ ನನ್ನ ಮಗಳು ಹೋದದ್ದು. ಪಿಳೇಗು ಅಂತ ಹೇಳಿದ್ರು."

ಅವಳಿಗೆ ಒಬ್ಬ ಮಗಳಿದ್ದಳೆಂದು ಅವನಿಗೆ ಗೊತ್ತಿತ್ತು, ಯಾವ ಊರೆಂದು ಗೊತ್ತಿರಲಿಲ್ಲ.

"ಆ ವರ್ಷ ಗಡ್ಡೆ ಎದ್ದು ಸತ್ತವರೂ ಪ್ಲೇಗೇ, ಮರದಿಂದ ಬಿದ್ದು ಸತ್ತವರೂ ಪ್ಲೇಗೇ ಅಂತ ನಮ್ಮ ಇಲಾಖೇಲೇ ಮಾತಿದೆ. ಯಾರೂ ಹತ್ತಿರ ಹೋಗಿ ನೋಡಲಿಲ್ಲ. ವಿಚಾರಿಸೋಣ. ಆದರೆ ನೀವು ಆ ಮನೆಗೆ ಬರಲೇಬೇಕು ಅಂತಿಲ್ಲ. ನಾನೊಬ್ಬನೇ ಹೋಗ್ತೀನಿ."

"ಒಳಗೆ ಹೋಗೋರು ಯಾರು ಮತ್ತೆ?" ಎಂದಳು ಅವಳು.

ರಾಂಪುರದ ಮನೆಯಲ್ಲಿ ಮುರುಗೇಂದ್ರಪ್ಪ ಅತ್ತೆಯನ್ನು ಕಂಡು ಎದ್ದು ನಿಂತ. ತಲೆಯ ಮೇಲಿನ ರುಮಾಲು ಸರಿಮಾಡಿಕೊಂಡ, ಏನೂ ತೋಚದೆ ಅದನ್ನೇ ಮತ್ತೆ ಬಿಚ್ಚಿ ಸುತ್ತಿಕೊಂಡ. ಮನುಷ್ಯ ಇಳಿದುಹೋಗಿದ್ದ. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ನೆಲ ನೋಡಿಕೊಂಡು, "ಪಿಳೇಗೇ ರೀ. ನಾನು ಊರಾಗಿರಲಿಲ್ಲ. ಬರೋ ಹೊತ್ತಿಗೆ ಎಲ್ಲ ಆಗೋಗಿತ್ತು" ಎಂದ.

ಒಳಗೆ ಪಂಪಕ್ಕ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಕಂಬದ ಹಿಂದೆ ಹೊಸ ಸೊಸೆ ನಿಂತಿದ್ದಳು, ಇನ್ನೂ ಹುಡುಗಿ.

"ಚೆನ್ನಾಗಿದ್ದೀರಾ ಬಸಲಿಂಗಮ್ಮನೋರೆ?"

"ಇದೀನಿ. ಒಂದು ಮಾತು ಕೇಳಿಕೊಂಡು ಹೋಗಾನ ಅಂತ ಬಂದೆ. ವೀರಮ್ಮಂಗೆ ಏನಾಗಿತ್ತು?"

"ಗಡ್ಡೆ ಎದ್ದಿತ್ತು, ತೊಡೆಸಂದೀಲಿ. ನಮ್ಮ ಯಜಮಾನ್ರಿಗೆ ಎದ್ದಂಗೇ." ಪಂಪಕ್ಕ ಅದನ್ನು ಕೇಳುವ ಮೊದಲೇ ಹೊಂದಿಸಿಟ್ಟಂತೆ ಹೇಳಿದಳು. "ಒಂದೇ ದಿನ. ಹೆಚ್ಚು ನರಳಲಿಲ್ಲ."

"ಹತ್ತಿರ ಯಾರಿದ್ರು?"

ಪಂಪಕ್ಕ ಎದ್ದು ಒಲೆಯ ಕಡೆ ಹೋದಳು. "ಎಲ್ಲಾರೂ ಇದ್ವಿ" ಎಂದಳು, ಬೆನ್ನು ತಿರುಗಿಸಿಕೊಂಡು.

ಬಸವಲಿಂಗಮ್ಮ ಮತ್ತೆ ಕೇಳಲಿಲ್ಲ. ಹೊರಗೆ ಬಂದು ಗಾಡಿಯ ಪಕ್ಕ ನಿಂತಳು. ಇಷ್ಟು ತಿಂಗಳು ಎಷ್ಟೋ ಅಡುಗೆಮನೆಗಳಲ್ಲಿ ಕೂತು ಕೇಳಿದ್ದ ಅವಳಿಗೆ, ನಿಜ ಹೇಳುವವರು ಇಷ್ಟು ಬೇಗ ಹೇಳಿ ಮುಗಿಸುವುದಿಲ್ಲ ಎಂಬುದು ಗೊತ್ತಿತ್ತು. ಆದರೆ ಹಟ ಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಮಲ್ಲಿಕಾರ್ಜುನಪ್ಪ ಊರಿನ ಉಳಿದ ಮನೆಗಳಿಗೆ ಹೋದ. ಅವಳು ಎಂದಿನಂತೆ ಸೂಲಗಿತ್ತಿ ಯಾರೆಂದು ವಿಚಾರಿಸಿದಳು. ಊರಾಚೆಯ ಕೇರಿಯ ಯರ್ರಮ್ಮನ ಹೆಸರು ಹೇಳಿದರು. ಚಿತ್ತಪ್ಪ ಗಾಡಿಯಲ್ಲಿ ಅಲ್ಲಿಯವರೆಗೆ ಬಿಟ್ಟ.

ಯರ್ರಮ್ಮ ಗುಡಿಸಲ ಮುಂದೆ ಬಿಸಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಗಟ್ಟಿ ಎಲುಬಿನ ಎತ್ತರದ ಹೆಂಗಸು. ಮನೆಮಾತು ತೆಲುಗು, ಕನ್ನಡವನ್ನು ಅದರ ಜೊತೆ ಕಲಸಿ ಆಡುತ್ತಿದ್ದಳು. ಸರ್ಕಾರದವರ ಜೊತೆ ಬಂದ ಹೆಂಗಸೆಂದು ಮೊದಲು ಹಿಂಜರಿದಳು. ನಿನ್ನ ತಪ್ಪು ಹುಡುಕಲು ಬಂದಿಲ್ಲ, ಹೆರಿಗೆಯಲ್ಲಿ ಹೋದ ಹುಡುಗಿಯರ ಸಾವು ಸರಿಯಾಗಿ ಬರೆದಿಲ್ಲ, ಅದಕ್ಕೆ ಕೇಳುತ್ತಿದ್ದೇನೆ ಎಂದು ಬಸವಲಿಂಗಮ್ಮ ಹೇಳಿದ ಮೇಲೆ ಮಾತಿಗೆ ಬಂದಳು. ಒಂದೆರಡು ಮನೆಯ ಸಂಗತಿ ಹೇಳಿದಳು. ಆಮೇಲೆ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು.

"ಇನ್ನೊಂದೈತೆ. ಅದು ನನ್ನ ಮನಸ್ನಾಗಿಂದ ಹೋಗಂಗಿಲ್ಲ. ಪಿಳೇಗಿನ ವರ್ಷ. ಮುರುಗೇಂದ್ರಪ್ಪನೋರ ಹೊಲದಾಗೆ ಗುಡ್ಲು ಹಾಕಿದ್ರು. ಆ ಮನೇ ಕೋಡಲು, ಸೊಸೆ, ಚಳ್ಳಕೆರೆ ಹುಡುಗಿ."

ಬಸವಲಿಂಗಮ್ಮ ಅಲುಗಾಡಲಿಲ್ಲ.

"ಮಾವ ಸತ್ತು ವಾರ ಆಗಿರಲಿಲ್ಲ. ಈ ಹುಡುಗಿಗೆ ಬೆಳಿಗ್ಗೇನೇ ನೋವು ಬಂತು, ದಿನ ತುಂಬೋಕೆ ಮುಂಚೆ. ಗಂಡ ಪಿಳೇಗಿರಬೇಕು ಅಂದ್ಕೊಂಡು, ಡಾಕ್ಟರನ್ನ ಕರ್ಕೊಂಬರ್ತೀನಿ ಅಂತ ಮೊಳಕಾಲ್ಮೂರಿಗೆ ಹೋದವ್ನ ಪಹರೆಯೋರು ದಾರೀಲೇ ಕೂಡಿಹಾಕ್ಯಾರೆ. ಅತ್ತೆ ಇನ್ನೊಂದು ಗುಡ್ಲಾಗೆ ಮುಸುಕು ಹಾಕ್ಕೊಂಡು ಬಿದ್ದಿದ್ಲು, ಹತ್ತಿರ ಬರೋಕೆ ಭಯ ಅವಳಿಗೆ. ಅದೂ ಪಿಳೇಗೇ ಇರಬೇಕು ಅಂತ. ಹುಡುಗಿ ಕೂಗೋದು ನಮ್ಮ ಗುಡ್ಲಿಗೆ ಕೇಳ್ತಿತ್ತು. ನಾನು ತಡಕೊಳ್ಳಾಕಾಗದೆ ಹೋದೆ. ಗಡ್ಡೆ ಇಲ್ಲ, ಏನಿಲ್ಲ. ಹೆರಿಗೆ ನೋವು. ಬಿಡ್ಡ ಹುಟ್ಟಿತು. ಗಂಡು. ಅಳಲಿಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ. ನನ್ನ ಕೈಲಾದದ್ದೆಲ್ಲ ಮಾಡಿದೆ. ನಿಲ್ಲಲಿಲ್ಲ."

"ಮಾತಾಡ್ತಿದ್ಲಾ?"

"ಮಾತಾಡ್ತಿದ್ಲು. ತಲೆ ನನ್ನ ತೊಡೆ ಮೇಲಿತ್ತು. ನಾನು ನಮ್ಮ ಮಾತಿನಾಗೆ ತಲ್ಲೀ, ತಲ್ಲೀ ಅಂತಿದ್ದೆ. ತಲ್ಲಿ ಅಂದ್ರೇನು ಅಂತ ಕೇಳಿದ್ಲು. ಅವ್ವ ಅಂತ ಕಣಮ್ಮ ಅಂದೆ. ನಕ್ಕಳು. ಆಗಲೂ ನಕ್ಕಳು. ನನ್ಯಾಕೆ ಅವ್ವ ಅಂತೀಯಾ, ನಮ್ಮವ್ವ ಬರ್ತಾಳೆ, ಗಾಡಿ ಕಟ್ಟಿಸ್ಕೊಂಡು ಬರ್ತಾಳೆ, ಅವಳನ್ನ ಕೂಗು ಅಂದ್ಲು. ಬರ್ತಾಳೆ ಬಿಡು ಅಂದೆ. ದೀಪ ಹಚ್ಚೋ ಹೊತ್ತಿಗೆ ಹೋದ್ಲು."

ಯರ್ರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು, ಸುತ್ತ ಒಮ್ಮೆ ನೋಡಿ ದನಿ ಇಳಿಸಿದಳು. "ಒಂದು ಮಾತು. ಅದನ್ನ ಎಲ್ಲೂ ಬರೀಬ್ಯಾಡ್ರಿ. ನೀರು ನೀರು ಅಂತ ಬಾಯಿ ಬಿಡ್ತಿದ್ಲು. ಅವರ ಗಡಿಗೆ ಖಾಲಿ. ನಮ್ಮನೇ ಮಣ್ಣಿನ ಮುಂತೇಲಿ ತಂದು ನಾನೇ ಕುಡಿಸಿದೆ. ಅವರು ಲಿಂಗ ಕಟ್ಟಿದೋರು, ನಾವು ಇಂಥೋರು. ಗೊತ್ತಾದ್ರೆ ಆ ಮನೆಯೋರು ನನ್ನ ಸುಮ್ನೆ ಬಿಡಲ್ಲ. ಆದ್ರೆ ಹೆಂಗೆ ಕೊಡದೆ ಇರ್ಲಿ?"

ಬಸವಲಿಂಗಮ್ಮ, "ನನಗೂ ಒಂದಿಷ್ಟು ನೀರು ಕೊಡವ್ವ" ಎಂದಳು.

ಯರ್ರಮ್ಮ ಅವಳ ಹಣೆಯ ವಿಭೂತಿಯನ್ನೂ ಕೊರಳ ಲಿಂಗದ ಕರಡಿಗೆಯನ್ನೂ ನೋಡಿದಳು. ಅರ್ಥವಾಗಲಿಲ್ಲ. ಆಮೇಲೆ ಮುಖವನ್ನು ನೋಡಿದಳು. ನಿಧಾನವಾಗಿ ಬಾಯಿಗೆ ಕೈ ಹೋಯಿತು. ಎದ್ದು ಒಳಗೆ ಹೋಗಿ ಮುಂತೆಯಲ್ಲಿ ನೀರು ತಂದಳು. ಕೊಡಲು ಹಿಂಜರಿದು ಮುಂತೆ ಹಿಡಿದೇ ನಿಂತಳು. ಬಸವಲಿಂಗಮ್ಮ ಅವಳ ಕೈಯನ್ನೂ ಸೇರಿಸಿ ಮುಂತೆ ಹಿಡಿದು ಪೂರ್ತಿ ಕುಡಿದಳು.

ಇಬ್ಬರೂ ಹೊಲಕ್ಕೆ ಹೋದರು. ಗುಡ್ಲುಗಳಿದ್ದ ಜಾಗದಲ್ಲಿ ಈಗ ಜೋಳ ಕೊಯ್ದ ಕೂಳೆ ನಿಂತಿತ್ತು. ತಾಯಿ ಮಗುವನ್ನು ಒಂದೇ ಗುಣಿಯಲ್ಲಿ ಇಟ್ಟಿದ್ದರಂತೆ. ಪಹರೆಯವರು ಅವಸರ ಮಾಡುತ್ತಿದ್ದರಂತೆ. ಗದ್ದುಗೆ ಕಟ್ಟಿರಲಿಲ್ಲ, ಕಲ್ಲೂ ಇರಲಿಲ್ಲ. ಯರ್ರಮ್ಮ ಬೇವಿನ ಮರದಿಂದ ಬದುವಿನವರೆಗೆ ನಡೆದಳು, ವಾಪಸು ಬಂದಳು. "ಇಲ್ಲೇ ಎಲ್ಲೋ. ಉತ್ತುಬಿಟ್ಟವ್ರೆ, ಗುರುತು ಸಿಗಂಗಿಲ್ಲ" ಎಂದಳು. ಬಸವಲಿಂಗಮ್ಮ ಎಲ್ಲಿ ಕೂರಬೇಕೆಂದು ತಿಳಿಯದೆ ಕೂಳೆಯ ನಡುವೆ ಸುಮ್ಮನೆ ನಿಂತಳು. ಕಾಲಡಿಯೇ ಇರಬಹುದೆಂದು ಅನ್ನಿಸಿ ಚಪ್ಪಲಿ ಕಳಚಿದಳು.

ಮಲ್ಲಿಕಾರ್ಜುನಪ್ಪನಿಗೆ ಎಲ್ಲ ಹೇಳಿದಾಗ, ನೀರಿನ ಮಾತೊಂದನ್ನು ಬಿಟ್ಟಳು.

ಅವನು ಕೇಳಿ, "ಬರೆದಿರೋದನ್ನ ತಿದ್ದಬೇಕಾದರೆ ಮನೆಯವರ ಬಾಯಿಂದ ಬರಬೇಕಮ್ಮ. ಅವರು ಪ್ಲೇಗು ಅಂತಲೇ ಅಂದಿದಾರೆ. ಸೂಲಗಿತ್ತಿ ಮಾತೊಂದನ್ನೇ ಇಟ್ಟುಕೊಂಡರೆ ಆಮೇಲೆ ಅವಳ ಮೇಲೇ ಬರಬಹುದು" ಎಂದ. ಪೆನ್ಸಿಲ್ ಜೇಬಿಗಿಟ್ಟು, "ಬೇಡ ಅಂದರೆ ಬಿಟ್ಟುಬಿಡೋಣ. ನಿಮಗೆ ತಿಳಿಯಬೇಕಾಗಿದ್ದದ್ದು ತಿಳೀತಲ್ಲ" ಎಂದ.

"ಪುಸ್ತಕದಾಗೆ ಪಿಳೇಗು ಅಂತಲೇ ಇದ್ರೆ, ಅವಳು ಹೆತ್ತದ್ದೂ ಇಲ್ಲ ಅಂದಂಗಾಗ್ತೈತೆ" ಎಂದಳು ಬಸವಲಿಂಗಮ್ಮ. ಮತ್ತೆ ಆ ಮನೆಗೆ ಹೋದಳು.

ಪಂಪಕ್ಕ ಹಿತ್ತಲಲ್ಲಿ ಒಬ್ಬಳೇ ಇದ್ದಳು. ಬಂದವಳ ಕಾಲಿನ ಹೊಲದ ಮಣ್ಣು ಕಂಡು ಅವಳಿಗೆ ತಿಳಿದುಹೋಯಿತು. ಕಟ್ಟೆಯ ಮೇಲೆ ಕೂತಳು.

"ಗಂಡು ಕೂಸಂತೆ" ಎಂದಳು ಬಸವಲಿಂಗಮ್ಮ.

ಪಂಪಕ್ಕನ ಮುಖ ಕುಗ್ಗಿತು. "ತಳವಾರ ಬಂದು ಏನಾಗಿತ್ರಿ ಅಂದ. ನನ್ನ ಬಾಯಿಗೆ ಬಂದದ್ದು ಅದೊಂದೇ. ನಮ್ಮ ಯಜಮಾನ್ರ ಹಿಂದೇನೇ ಅಲ್ವಾ. ಆಮೇಲೆ ಯೋಚನೆ ಮಾಡಿದೆ. ಹೆರಿಗೇಲಿ ಹೋದ್ಲು ಅಂದ್ರೆ, ನೀವು ಕಳಿಸಿದ ಗಾಡಿ ಯಾಕೆ ತಿರುಗಿಸಿದೆ ಅಂತ ಎಲ್ಲಾರೂ ಕೇಳ್ತಾರೆ. ನನ್ನ ಮಗನೂ ಕೇಳ್ತಾನೆ. ಪಿಳೇಗು ಅಂದ್ರೆ ಯಾರೂ ಏನೂ ಕೇಳಲ್ಲ." ಸೆರಗು ಬಾಯಿಗೆ ಹಿಡಿದುಕೊಂಡಳು. "ಅವಳು ಕೂಗೋದು ಕೇಳ್ತಿತ್ತು ಬಸಲಿಂಗಮ್ಮನೋರೆ. ನಾನು ಏಳಲಿಲ್ಲ."

ಬಸವಲಿಂಗಮ್ಮ ದಾರಿಯುದ್ದಕ್ಕೂ ಬಹಳ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದಳು. ಎದುರಿಗೆ ಕೂತಿದ್ದ ಈ ಒಣಗಿದ ಹೆಂಗಸಿಗೆ ಅವನ್ನು ಹೇಳಿ ಏನಾಗಬೇಕೆಂದು ತಿಳಿಯಲಿಲ್ಲ. ಕ್ಷಮಿಸಿದೆನೆಂದು ಹೇಳಲೂ ಮನಸ್ಸು ಬರಲಿಲ್ಲ.

"ಜಗಲಿ ಮೇಲೆ ಸಾಹೇಬ್ರು ಕುಂತವ್ರೆ. ಅವರಿಗೆ ಹೇಳ್ರಿ. ನನಗೆ ಬೇರೆ ಏನೂ ಬ್ಯಾಡ" ಎಂದಳು.

ಪಂಪಕ್ಕ ನಡುಮನೆಯ ಬಾಗಿಲವರೆಗೆ ಬಂದು, ಬಾಗಿಲ ಮರೆಯಲ್ಲೇ ನಿಂತು, ಮಗನಿಗೂ ಕೇಳಿಸುವಂತೆ ಹೇಳಿದಳು: "ನಮ್ಮ ಹಿರೇ ಸೊಸೆ ಹೆರಿಗೇಲಿ ಹೋದ್ಲು. ಪಿಳೇಗಲ್ಲ. ಬರಕೊಳ್ರಿ." ಮುರುಗೇಂದ್ರಪ್ಪ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ತಾಯಿಯನ್ನು ಏನೂ ಕೇಳಲಿಲ್ಲ. ಗಾಡಿ ಹೊರಟಾಗ ಹಿಂದೆ ಹಿಂದೆ ಊರ ಕೊನೆಯವರೆಗೂ ನಡೆದು ಬಂದ. ಬೇವಿನ ಮರದ ಹತ್ತಿರ ಒಂದು ಗದ್ದುಗೆ ಕಟ್ಟಿಸುತ್ತೇನೆ ಅತ್ತೆ ಎಂದ. ಬಸವಲಿಂಗಮ್ಮ ಆಗಲಪ್ಪ ಎಂದಳು.

ಮಲ್ಲಿಕಾರ್ಜುನಪ್ಪ ವೀರಮ್ಮನ ಸಾವನ್ನು ಪ್ಲೇಗಿನಿಂದ ತೆಗೆದು 'ಇತರ ಕಾರಣ'ದಲ್ಲಿ ಸೇರಿಸಿದ. ಅಂಚಿನಲ್ಲಿ 'ಪ್ರಸವ, ರಕ್ತಸ್ರಾವ' ಎಂದು ಬರೆದು ಅವಳಿಗೆ ಓದಿ ಹೇಳಿದ. ಅಂಚಿನಲ್ಲಿ ಬರೆದದ್ದು ಅಚ್ಚಿನ ಪುಸ್ತಕಕ್ಕೆ ಹೋಗುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದ. ಆ ಬೇಸಿಗೆಯಲ್ಲಿ ದುರ್ಗಕ್ಕೆ ದೊಡ್ಡ ವರದಿ ಕಳಿಸಿ, ಹೆರಿಗೆಯ ಸಾವುಗಳಿಗೆ ಬೇರೆ ಕಲಂ ಬೇಕು, ಹೆಂಗಸರ ಸಾವನ್ನು ಹೆಂಗಸರಿಂದಲೇ ವಿಚಾರಿಸಬೇಕು ಎಂದು ಬರೆದ. ಕಲಮಿನ ವಿಷಯ ಬೆಂಗಳೂರಿಗೆ ಹೋಯಿತು, ಅಲ್ಲಿಂದ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಮಾತ್ರ ದೊಡ್ಡ ಸಾಹೇಬರು ತಮ್ಮ ಮಟ್ಟದಲ್ಲೇ ಒಪ್ಪಿಗೆ ಕೊಟ್ಟರು. ಬಸವಲಿಂಗಮ್ಮನ ತಿರುಗಾಟ ಹಾಗೆಯೇ ಮುಂದುವರಿಯಿತು.

ಹತ್ತಿರ ಯಾರಿದ್ದರೆಂದು ತಿಳಿದರೆ ಎದೆ ಹಗುರಾಗುತ್ತದೆ ಎಂದು ಅವಳು ನಂಬಿದ್ದಳು. ಗಡಿಗೆ ಕಣ್ಣ ಮುಂದೆ ಬರುವುದು ನಿಂತದ್ದು ನಿಜ. ಆದರೆ ಮೂರು ವರ್ಷ ಗುಡ್ಲಿನಲ್ಲಿ ಮಲಗಿದ ಹುಡುಗಿಯನ್ನಷ್ಟೇ ಕಂಡಿದ್ದವಳಿಗೆ ಈಗ ಬದುಕಿದ್ದ ವೀರಮ್ಮ ನೆನಪಾಗತೊಡಗಿದಳು. ಎಣ್ಣೆ ಹಚ್ಚುವಾಗ ಓಡಿಹೋಗುತ್ತಿದ್ದವಳು, ಬೆಲ್ಲದ ಡಬ್ಬಿಗೆ ಕೈ ಹಾಕಿ ಬೆಕ್ಕಿನ ಮೇಲೆ ಹೇಳುತ್ತಿದ್ದವಳು, ಮದುವೆಯ ದಿನ ಗಾಡಿ ಹತ್ತುವಾಗ ಅಳದೆ ತಾಯಿಯ ಕಣ್ಣೊರೆಸಿದವಳು. ಅಡುಗೆಮನೆಯಲ್ಲಿ ನಿಂತಾಗ ಹಿಂದಿನಿಂದ ಬಂದು ಹೆಗಲ ಮೇಲೆ ಗದ್ದ ಊರುತ್ತಿದ್ದ ಭಾರ ನೆನಪಾಗಿ, ಕೆಲವು ದಿನ ಬಸವಲಿಂಗಮ್ಮ ಹಾಗೇ ನಿಂತುಬಿಡುತ್ತಿದ್ದಳು. ರೊಟ್ಟಿ ಸೀಯುತ್ತಿತ್ತು. ಮಲ್ಲಿಕಾರ್ಜುನಪ್ಪ ಸೀದ ರೊಟ್ಟಿಯನ್ನೇ ಮಾತಿಲ್ಲದೆ ತಿಂದು ಏಳುತ್ತಿದ್ದ.

ಮುಂದಿನ ವರ್ಷ ನಾಯಕನಹಟ್ಟಿ ಕಡೆಯ ಒಂದು ಹಳ್ಳಿಯಲ್ಲಿ ನಿಂಗಕ್ಕನೆಂಬವಳ ಮನೆಗೆ ಹೋಗಿದ್ದಳು. ನಿಂಗಕ್ಕನ ಮಗಳು ಬಾಣಂತಿಯಾಗಿ ತೀರಿಕೊಂಡು ತಿಂಗಳಾಗಿತ್ತು. ಉಳಿದ ಕೂಸು ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನಿಂಗಕ್ಕ ತುಟಿ ಬಿಚ್ಚಲಿಲ್ಲ. ಬಸವಲಿಂಗಮ್ಮನೂ ಕೇಳಲಿಲ್ಲ. ಕೂಸಿನ ಮೇಲೆ ಕೂರುವ ನೊಣಗಳನ್ನು ಸೆರಗಿನಿಂದ ಓಡಿಸುತ್ತ ಪಕ್ಕದಲ್ಲಿ ಕೂತಳು. ಹೊರಗೆ ಕುರಿಗಳು ಕಾವಲಿನ ಕಡೆ ಹೋದವು, ಸದ್ದು ದೂರವಾಯಿತು.

ಬಹಳ ಹೊತ್ತಾದ ಮೇಲೆ ನಿಂಗಕ್ಕ ತಾನೇ ಕೇಳಿದಳು. "ನಿಮಗೆಷ್ಟು ಮಕ್ಕಳ್ರವ್ವ?"

"ಒಬ್ಬಳು ಮಗಳು. ವೀರಮ್ಮ ಅಂತ" ಎಂದಳು ಬಸವಲಿಂಗಮ್ಮ. "ಅವಳೂ ಹೆರಿಗೇಲೇ ಹೋದ್ಲು. ನಿನ್ನ ಮಗಳ ಹೆಸರೇನವ್ವ?"

ನಿಂಗಕ್ಕ ಹೆಸರು ಹೇಳಿದಳು.